ಕರೆಂಟ್ ಹೊಡೆದು ಕೈ ಹೋದ್ರೆ ಪರಿಹಾರ ಕೊಡೋರು ಯಾರು? – ಓದುಗರ ಪ್ರಶ್ನೆ, ವಕೀಲರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ್ದು, ಕೆಲಸದ ಜಾಗದಲ್ಲಿ ಕರೆಂಟ್ ಹೊಡೆದಿದ್ದು. ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಕೊಂಡು ಇವತ್ತು ಈ ನಾಲ್ಕಕ್ಕೇ ಜಾಗ ಕೊಟ್ಟಿದೀನಿ. ಬರೆದವರು ಯಾರು ಅಂತ ಊರಲ್ಲಿ ಗೊತ್ತಾಗೋದು ಬೇಡ, ಹಾಗಾಗಿ ಹೆಸರು ಹಾಕಿಲ್ಲ.

ಪ್ರಶ್ನೆ: ನಮಸ್ಕಾರ ಸರ್. ನಮ್ಮೂರು ಹೊಸನಗರ ತಾಲ್ಲೂಕಲ್ಲಿ ಬರುತ್ತೆ. ನಮ್ಮ ಮನೆಯವರು ಲೈನ್ ಕಂಟ್ರಾಕ್ಟರ್ ಹತ್ರ ಕೆಲಸಕ್ಕೆ ಹೋಗ್ತಿದ್ರು, ಕಂಬ ನಿಲ್ಸೋದು ತಂತಿ ಎಳೆಯೋದು, ದಿನಕ್ಕೆ 650 ರೂಪಾಯಿ, ತಿಂಗಳಿಗೆ 26 ದಿನ ಕೆಲಸ ಇರ್ತಿತ್ತು. 2025ರ ಮೇ ತಿಂಗಳ ಗಾಳಿಮಳೇಲಿ ಕಂಬ ಬಿದ್ದಿತ್ತು ಅಂತ ರಿಪೇರಿಗೆ ಕರ್ಕೊಂಡು ಹೋಗಿದ್ರು, ಎಲ್‌ಸಿ ತಗೊಂಡಿದೀವಿ, ಅಂದ್ರೆ ಲೈನ್ ಆಫ್ ಮಾಡ್ಸಿದೀವಿ, ಕಂಬ ಹತ್ತು ಅಂದ್ರಂತೆ, ಹತ್ತಿ ತಂತಿ ಮುಟ್ತಿದ್ದ ಹಾಗೆ ಕರೆಂಟ್ ಬಂತು. ಬಲಗೈ ಮೊಣಕೈಯಿಂದ ಮೇಲೆ ತೆಗೆದುಬಿಟ್ರು. ಅವ್ರಿಗೆ ಆಗ 30 ವರ್ಷ ತುಂಬಿತ್ತು ಅಷ್ಟೆ. ಆಸ್ಪತ್ರೆಗೆ ಸೇರ್ಸುವಾಗ ಕಂಟ್ರಾಕ್ಟರ್ ಕಡೆಯವರು ಮನೇಲಿ ಸ್ವಿಚ್ ಬೋರ್ಡ್ ಮುಟ್ಟಿದ್ದು ಅಂತ ಹೇಳಿದಾರೆ, ನಾನು ಆಗ ಬಸ್ಸಲ್ಲಿದ್ದೆ, ನಂಗೆ ಆಮೇಲೆ ಗೊತ್ತಾಗಿದ್ದು. ಹದಿನೈದು ದಿನ ಬಿಟ್ಟು ಬಂದು 50 ಸಾವಿರ ಕೊಟ್ಟು ಸ್ಟಾಂಪ್ ಪೇಪರಿಗೆ ಸೈನ್ ತಗೊಂಡ್ರು, ಇನ್ನು ಯಾವ ಕ್ಲೇಮೂ ಇಲ್ಲ ಅಂತ ಅದ್ರಲ್ಲಿ ಬರೆದಿದೆ. ಈಗ ಫೋನ್ ಎತ್ತಲ್ಲ. ಕೆಲಸದ ಆರ್ಡರ್, ಐಡಿ ಕಾರ್ಡ್ ಎಂತದೂ ಇಲ್ಲ ನಮ್ಮತ್ರ. ಸೈನ್ ಮಾಡಿದ ಮೇಲೆ ಮುಗೀತು ಅಂತ ಊರವರು ಹೇಳ್ತಾರೆ. ಹೌದಾ ಸರ್?

ಉತ್ತರ: ಇಲ್ಲ ತಂಗಿ, ಮುಗಿದಿಲ್ಲ. ಇದನ್ನ ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ಆ ಸ್ಟಾಂಪ್ ಪೇಪರ್ ಹೆದರಿಕೆಲೇ ಎಷ್ಟೋ ಮನೆಯವರು ಕೋರ್ಟ್ ಮೆಟ್ಲು ಹತ್ತದೆ ಎರಡು ವರ್ಷ ಕಳೆದುಬಿಡ್ತಾರೆ, ಅಷ್ಟೊತ್ತಿಗೆ ಅವಧಿ ತೀರಿರುತ್ತೆ.

ನಿಮ್ಮ ಮನೆಯವರಿಗೆ ಅನ್ವಯ ಆಗೋದು 1923ರ ಕಾನೂನು, ಮೊದಲು ಕಾರ್ಮಿಕರ ನಷ್ಟ ಪರಿಹಾರ ಕಾಯ್ದೆ ಅಂತಿದ್ರು, ಈಗ ಉದ್ಯೋಗಿಗಳ ನಷ್ಟ ಪರಿಹಾರ ಕಾಯ್ದೆ ಅಂತಾರೆ, ವಕೀಲರ ಬಾಯಲ್ಲಿ ಇವತ್ತಿಗೂ ಡಬ್ಲ್ಯೂಸಿ ಕೇಸು. 2025ರ ನವೆಂಬರ್ 21ರಿಂದ ಹೊಸ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ, ಈ ಹಳೇ ಕಾಯ್ದೆನೂ ಅದರೊಳಗೆ ಸೇರ್ಕೊಂಡಿದೆ. ಆದ್ರೆ ನಿಮ್ಮ ಮನೆಯವರಿಗೆ ಪೆಟ್ಟಾಗಿದ್ದು ಮೇ ತಿಂಗಳಲ್ಲಿ, ಆವತ್ತು ಇದ್ದ ಕಾನೂನಿನ ಪ್ರಕಾರ ಹುಟ್ಟಿದ ಹಕ್ಕು ಅದು. ಯಾರಾದ್ರೂ ಹಳೇ ಕಾಯ್ದೆ ಹೋಯ್ತಲ್ಲ ಇನ್ನೆಂತ ಕೇಸು ಅಂದ್ರೆ ನಂಬ್ಬೇಡಿ.

ಆ ಕಾಯ್ದೆಯ 17ನೇ ಸೆಕ್ಷನ್ ಏನು ಹೇಳುತ್ತೆ ಅಂದ್ರೆ, ಕೆಲಸಗಾರ ತನ್ನ ಪರಿಹಾರದ ಹಕ್ಕನ್ನ ಬಿಟ್ಕೊಟ್ಟೆ ಅಂತ ಮಾಡ್ಕೊಂಡ ಯಾವ ಒಪ್ಪಂದಕ್ಕೂ ಬೆಲೆ ಇಲ್ಲ, ಅದು ಶೂನ್ಯ. ಒಪ್ಪಂದ ಮಾಡ್ಕೊಂಡು ಒಟ್ಟಿಗೆ ದುಡ್ಡು ಕೊಟ್ಟು ಮುಗಿಸ್ಬೇಕು ಅಂದ್ರೆ ಅದಕ್ಕೂ ಒಂದು ಕ್ರಮ ಇದೆ, ಆ ಒಪ್ಪಂದವನ್ನ ಈ ಪರಿಹಾರದ ಕೇಸು ನೋಡೋ ಕಮಿಷನರ್ ಮುಂದೆ ನೋಂದಣಿ ಮಾಡಿಸ್ಬೇಕು, ಮೊತ್ತ ಕಡಿಮೆ ಆಯ್ತು ಅಂತ ಕಂಡ್ರೆ ಅವರು ನೋಂದಣಿ ಮಾಡೋದಿಲ್ಲ ಅನ್ನಬಹುದು. ನಿಮ್ಮನೆ ಜಗಲಿ ಮೇಲೆ ಕೂತು ಬರೆಸ್ಕೊಂಡ ಕಾಗದಕ್ಕೆ ಆ ಶಕ್ತಿ ಇಲ್ಲ. ಕೊಟ್ಟ 50 ಸಾವಿರ ಪರಿಹಾರದ ಬಾಬ್ತು ಅಂತ ಸಾಬೀತಾದ್ರೆ ಕೊನೇ ಮೊತ್ತದಲ್ಲಿ ಕಳೀಬಹುದು, ಅಷ್ಟೆ. ಆಸ್ಪತ್ರೆ ಖರ್ಚಿಗೆ ಅಂತ ಕೊಟ್ಟಿದ್ರೆ ಅದನ್ನೂ ಕಳೆಯೋ ಹಾಗಿಲ್ಲ.

ಈಗ ಎಷ್ಟು ಬರುತ್ತೆ ಅನ್ನೋದು. ಇದು ಯಾರೋ ಮನಸ್ಸಿಗೆ ಬಂದಷ್ಟು ಕೊಡೋ ದುಡ್ಡಲ್ಲ, ಲೆಕ್ಕ ಇದೆ. ತಿಂಗಳ ಸಂಬಳದ 60 ಪರ್ಸೆಂಟ್ ತಗೋಬೇಕು, ಅದನ್ನ ವಯಸ್ಸಿಗೆ ತಕ್ಕ ಹಾಗೆ ಕಾಯ್ದೆಯ ನಾಲ್ಕನೇ ಅನುಸೂಚಿಯಲ್ಲಿ ಕೊಟ್ಟಿರೋ ಒಂದು ಸಂಖ್ಯೆಯಿಂದ ಗುಣಿಸ್ಬೇಕು. ಇವರ ಸಂಬಳ 650 ಇಂಟು 26 ಅಂದ್ರೆ 16,900, ಆದ್ರೆ 2020ರ ಜನವರಿ 3ರಿಂದ ಈ ಲೆಕ್ಕಕ್ಕೆ ತಗೊಳ್ಳೋ ಸಂಬಳದ ಮಿತಿ 15,000, ಅದಕ್ಕಿಂತ ಜಾಸ್ತಿ ಇದ್ರೂ 15,000 ಅಂತಲೇ ಹಿಡೀತಾರೆ. ಅದರ 60 ಪರ್ಸೆಂಟ್ 9,000. ಮೂವತ್ತು ವರ್ಷ ತುಂಬಿದವರಿಗೆ ಆ ಸಂಖ್ಯೆ 207.98. ಗುಣಿಸಿದ್ರೆ 18,71,820 ರೂಪಾಯಿ. ಇದು ದುಡಿಯೋ ಶಕ್ತಿ ನೂರಕ್ಕೆ ನೂರು ಹೋಯ್ತು ಅಂತಾದ್ರೆ.

ಎದುರಿನವರ ವಕೀಲರು ಇಲ್ಲೇ ಹಿಡೀತಾರೆ. ಒಂದು ಕೈ ತಾನೇ, ಇನ್ನೊಂದಿದೆಯಲ್ಲ ಅಂತ. ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ಯಾವ ಅಂಗ ಹೋದ್ರೆ ಎಷ್ಟು ಪರ್ಸೆಂಟ್ ಅಂತ ಪಟ್ಟಿ ಇದೆ, ಭುಜದ ತುದಿಯಿಂದ ಉಳಿದಿರೋ ತುಂಡು 20.32 ಸೆಂಟಿಮೀಟರಿಗಿಂತ ಕಡಿಮೆ ಇದ್ರೆ 80, ಅದಕ್ಕಿಂತ ಉದ್ದ ಉಳಿದಿದ್ರೆ 70. ಅಂದ್ರೆ 14,97,456 ಅಥವಾ 13,10,274. ಹಾಗಾಗಿ ಡಾಕ್ಟರ್ ಹತ್ರ ಆ ಅಳತೆಯನ್ನ ಸೆಂಟಿಮೀಟರ್ ಲೆಕ್ಕದಲ್ಲೇ ಬರೆಸ್ಕೊಳ್ಳಿ, ಸುಮ್ನೆ ಮೊಣಕೈ ಮೇಲೆ ಅಂತ ಬರೆದ್ರೆ ಸಾಲಲ್ಲ, ಒಂದು ಇಂಚಿಗೆ ಸುಮಾರು ಎರಡು ಲಕ್ಷ ವ್ಯತ್ಯಾಸ ಆಗುತ್ತೆ.

ಆದ್ರೆ ನಾನು ನಿಮ್ಮ ವಕೀಲ ಆಗಿದ್ರೆ 80ಕ್ಕೂ ನಿಲ್ತಿರಲಿಲ್ಲ, ನೂರೇ ಕೇಳ್ತಿದ್ದೆ. 1975ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿದೆ, ಪ್ರತಾಪ್ ನಾರಾಯಣ್ ಸಿಂಗ್ ದೇವ್ ಕೇಸು ಅಂತ ಕರೀತಾರೆ, ನಿಮ್ಮ ವಕೀಲರಿಗೆ ಈ ಹೆಸರು ಹೇಳಿ. ಅಲ್ಲಿ ಪೆಟ್ಟಾಗಿದ್ದು ಒಬ್ಬ ಬಡಗಿಗೆ, ಎಡಗೈ ಮೊಣಕೈ ಮೇಲೆ ಕತ್ತರಿಸಿದ್ರು. ಬಡಗಿ ಒಂದು ಕೈಲಿ ಬಡಗಿ ಕೆಲಸ ಮಾಡಕ್ಕಾಗುತ್ತಾ? ಆಗಲ್ಲ ಅಂದ್ಮೇಲೆ ಅವನಿಗೆ ಆಗಿರೋದು ಪೂರ್ತಿ ನಷ್ಟ ಅಂತ ಕೋರ್ಟ್ ಒಪ್ಕೊಂಡಿತು. ಕಂಬ ಹತ್ತೋ ಮನುಷ್ಯನಿಗೆ ಬಲಗೈ ಇಲ್ಲ ಅಂದ್ಮೇಲೆ ಇನ್ನೇನು ಉಳೀತು? ಇದನ್ನ ಡಾಕ್ಟರ್ ಬಾಯಲ್ಲೇ ಸಾಕ್ಷಿ ಹೇಳಿಸ್ಬೇಕು, ಬರೀ ಸರ್ಟಿಫಿಕೇಟ್ ಇಟ್ರೆ ಎದುರಿನವರು ಒಪ್ಪಲ್ಲ. ಅಂಗವಿಕಲರ ಯುಡಿಐಡಿ ಕಾರ್ಡಲ್ಲಿ ಬರೋ ಪರ್ಸೆಂಟೇ ಬೇರೆ, ದುಡಿಮೆ ಶಕ್ತಿ ಎಷ್ಟು ಹೋಯ್ತು ಅನ್ನೋ ಪರ್ಸೆಂಟೇ ಬೇರೆ, ಎರಡನ್ನೂ ಒಂದೇ ಅಂದ್ಕೋಬೇಡಿ. ಕಾರ್ಡ್ ಮಾತ್ರ ಬೇಗ ಮಾಡಿಸಿ, ಪಿಂಚಣಿಗೆ ಬಸ್ ಪಾಸಿಗೆ ಬೇಕಾಗುತ್ತೆ.

ಪೆಟ್ಟಾದ ಒಂದು ತಿಂಗಳೊಳಗೆ ಪರಿಹಾರ ಕೊಡ್ಬೇಕಿತ್ತು. ಕೊಟ್ಟಿಲ್ಲ, ಹಾಗಾಗಿ ವರ್ಷಕ್ಕೆ 12 ಪರ್ಸೆಂಟ್ ಬಡ್ಡಿ ಸೇರುತ್ತೆ, ತಡ ಮಾಡಿದ್ದಕ್ಕೆ ಸರಿಯಾದ ಕಾರಣ ಇಲ್ಲ ಅಂತಾದ್ರೆ ಮೊತ್ತದ ಅರ್ಧದವರೆಗೂ ದಂಡ ಹಾಕೋ ಅಧಿಕಾರ ಕಮಿಷನರ್‌ಗಿದೆ. ಪೂರ್ತಿ ಮೊತ್ತಕ್ಕೆ ಬಡ್ಡಿನೇ ವರ್ಷಕ್ಕೆ ಎರಡು ಕಾಲು ಲಕ್ಷದ ಹತ್ತಿರ. ಆಸ್ಪತ್ರೆಗೆ ನೀವು ಕೈಯಿಂದ ಹಾಕಿದ ಖರ್ಚೂ ವಾಪಸ್ ಬರ್ಬೇಕು, 2009ರ ತಿದ್ದುಪಡಿಲಿ ಅದು ಸೇರಿದೆ. ಮೆಡಿಕಲ್ ಶಾಪಿನ ಸಣ್ಣ ಸಣ್ಣ ಚೀಟಿನೂ ಒಂದು ಕವರಲ್ಲಿ ಹಾಕಿಡಿ, ಮಳೆಗಾಲದ ತೇವಕ್ಕೆ ಅಕ್ಷರ ಅಳಿಸಿ ಹೋಗುತ್ತೆ, ಇವತ್ತೇ ಜೆರಾಕ್ಸ್ ಮಾಡಿಸಿ.

ಯಾರ ಮೇಲೆ ಕೇಸು? ಕಂಟ್ರಾಕ್ಟರ್ ಮೇಲೆ ಮಾತ್ರ ಅಲ್ಲ. ಲೈನ್ ರಿಪೇರಿ ಅನ್ನೋದು ವಿದ್ಯುತ್ ಕಂಪನಿಯ ದಿನನಿತ್ಯದ ಕೆಲಸ, ಅದನ್ನ ಅವರು ಕಂಟ್ರಾಕ್ಟ್ ಕೊಟ್ಟು ಮಾಡಿಸಿದಾರೆ, ಅಂಥ ಕಡೆ ಮೂಲ ಮಾಲೀಕರೂ ಪರಿಹಾರ ಕೊಡ್ಬೇಕು ಅಂತ 12ನೇ ಸೆಕ್ಷನ್ ಹೇಳುತ್ತೆ, ಆಮೇಲೆ ಅವರು ಕಂಟ್ರಾಕ್ಟರ್ ಕಡೆಯಿಂದ ವಸೂಲಿ ಮಾಡ್ಕೊಳ್ಳಲಿ, ಅದು ಅವರಿಬ್ಬರ ವ್ಯವಹಾರ. ಕಂಟ್ರಾಕ್ಟರ್ ವಿಮೆ ಮಾಡಿಸಿದ್ರೆ ವಿಮಾ ಕಂಪನಿನೂ ಸೇರಿಸಿ. ಮೂವರನ್ನೂ ಪಾರ್ಟಿ ಮಾಡಿ. ಕಂಟ್ರಾಕ್ಟರ್ ಒಬ್ಬನ ಮೇಲೆ ಮಾತ್ರ ಹಾಕಿ ಗೆದ್ದು, ಆಮೇಲೆ ಅವನ ಹೆಸರಲ್ಲಿ ಒಂದು ಗುಂಟೆ ಜಾಗನೂ ಇಲ್ಲ ಅಂತ ಗೊತ್ತಾಗಿ ಕೈಲಿ ಆದೇಶದ ಕಾಗದ ಹಿಡ್ಕೊಂಡು ಕೂತವರನ್ನ ನೋಡಿ ಬೇಜಾರಾಗಿದೆ ನಂಗೆ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ಇನ್ನು ಸಾಕ್ಷಿ. ಆರ್ಡರ್ ಇಲ್ಲ, ಐಡಿ ಇಲ್ಲ ಅಂತ ಬರೆದಿದೀರಿ. ಲೈನ್ ಕೆಲಸಕ್ಕೆ ಹೋಗೋ ಹುಡುಗರಲ್ಲಿ ಯಾರ ಹತ್ರ ತಾನೇ ಇರುತ್ತೆ? ಕಂಟ್ರಾಕ್ಟರ್ ಫೋನ್‌ಪೇಲಿ ದುಡ್ಡು ಹಾಕಿದ್ದು ಇದೆಯಾ ನೋಡಿ, ಬ್ಯಾಂಕಿಂದ ಒಂದು ವರ್ಷದ ಸ್ಟೇಟ್‌ಮೆಂಟ್ ತಗೊಳ್ಳಿ. ವಾಟ್ಸಾಪ್ ಗ್ರೂಪಲ್ಲಿ ನಾಳೆ ಇಂಥ ಕಡೆ ಬನ್ನಿ ಅಂತ ಮೆಸೇಜ್ ಬಂದಿರುತ್ತೆ, ಕಂಬದ ಹತ್ರ ನಿಂತು ತೆಗೆದ ಫೋಟೋ ಇರುತ್ತೆ, ಆ ಫೋನನ್ನ ಫಾರ್ಮ್ಯಾಟ್ ಮಾಡ್ಬೇಡಿ ಮಾರ್ಬೇಡಿ. ಜೊತೆಗಿದ್ದ ಹುಡುಗರಲ್ಲಿ ಒಬ್ಬನಾದ್ರೂ ಬಂದು ಹೇಳ್ಬೇಕು. ಅವರಿಗೆ ಅದೇ ಕಂಟ್ರಾಕ್ಟರ್ ಕೆಲಸ ಕೊಡ್ತಿರೋದು, ಹೆದರ್ತಾರೆ, ಆದ್ರೂ ಕೇಳಿ.

ಅದಕ್ಕಿಂತ ದೊಡ್ಡ ಸಾಕ್ಷಿ ಎಲ್‌ಸಿ. ಲೈನ್ ಕ್ಲಿಯರ್ ತಗೊಂಡ್ರೆ ಸಬ್‌ಸ್ಟೇಷನ್ನಲ್ಲಿ ಬರೆದಿಡ್ತಾರೆ, ಯಾವ ಫೀಡರ್ (ಸಬ್‌ಸ್ಟೇಷನ್ನಿಂದ ಹೊರಡೋ ಲೈನ್), ಎಷ್ಟು ಗಂಟೆಗೆ ಕೊಟ್ರು, ಯಾರು ತಗೊಂಡ್ರು, ಯಾವಾಗ ವಾಪಸ್ ಮಾಡಿದ್ರು ಅಂತೆಲ್ಲ. ಎಲ್‌ಸಿ ತಗೊಂಡೇ ಇರಲಿಲ್ವಾ, ಬೇರೆ ಫೀಡರಿಗೆ ತಗೊಂಡಿದ್ರಾ, ಕೆಲಸ ಮುಗಿಯೋ ಮುಂಚೆ ಚಾರ್ಜ್ ಮಾಡಿದ್ರಾ, ಇಲ್ಲ ಯಾರದ್ದೋ ಮನೆ ಜನರೇಟರಿಂದ ರಿಟರ್ನ್ ಬಂತಾ, ಕಂಬದ ಮೇಲಿನ ಜಿಓಎಸ್ ಸ್ವಿಚ್ ಎಳೆದು ಲೈನ್ ಕಡಿದಿದ್ರಾ, ತಂತಿಗೆ ಅರ್ಥಿಂಗ್ ರಾಡ್ ಹಾಕಿದ್ರಾ. ಆ ಪುಸ್ತಕದ ಪುಟ ಸಿಕ್ರೆ ಅರ್ಧ ಕಥೆ ಅಲ್ಲೇ ಇರುತ್ತೆ. ಮಾಹಿತಿ ಹಕ್ಕಲ್ಲಿ 10 ರೂಪಾಯಿ ಕಟ್ಟಿ ಆ ದಿನದ ಪುಟದ ನಕಲು ಕೇಳಿ, 30 ದಿನದಲ್ಲಿ ಉತ್ತರ ಕೊಡ್ಬೇಕು. ಹಾಗೇ ವಿದ್ಯುತ್ ಅಪಘಾತ ಆದ್ರೆ ವಿದ್ಯುತ್ ಪರಿವೀಕ್ಷಕರಿಗೆ ತಿಳಿಸ್ಬೇಕು ಅಂತ 2003ರ ವಿದ್ಯುತ್ ಕಾಯ್ದೆಯ 161ನೇ ಸೆಕ್ಷನ್ನಲ್ಲಿದೆ, ಅವರು ತನಿಖೆ ಮಾಡಿ ವರದಿ ಕೊಡ್ತಾರೆ, ಅದರ ನಕಲೂ ಕೇಳಿ. ತಿಳಿಸೇ ಇಲ್ಲ ಅಂತಾದ್ರೆ ನೀವೇ ಅವರಿಗೆ ಈಗ ಬರೀರಿ.

ಆಸ್ಪತ್ರೆ ಚೀಟಿಲಿ ಮನೇ ಸ್ವಿಚ್ ಅಂತ ಬರೆಸಿದ್ದು ಓದಿ ಕಣ್ಣಲ್ಲಿ ನೀರು ಬಂತು. ಇದು ಒಂದು ಕಡೆ ನಡೆಯೋದಲ್ಲ, ಗಾಯಾಳು ಪ್ರಜ್ಞೆ ಇಲ್ಲದೆ ಮಲಗಿರುವಾಗ ಹಿಂದೆ ಬಂದವರು ಹೇಳಿದ್ದೇ ಕೇಸ್ ಶೀಟಿನ ಮೊದಲ ಸಾಲು ಆಗಿಬಿಡುತ್ತೆ, ಆಮೇಲೆ ವರ್ಷಗಟ್ಟಲೆ ಅದನ್ನ ಅಳಿಸೋಕೆ ಒದ್ದಾಡ್ಬೇಕು. ಆದ್ರೆ ಮನೇ ಕರೆಂಟು 230 ವೋಲ್ಟ್, ಲೈನಿಂದು 11,000. ಕೈಯೇ ತೆಗೀಬೇಕಾಗಿ ಬಂತು ಅಂದ್ರೆ ಒಳಗೆ ಎಷ್ಟು ಸುಟ್ಟಿದೆ, ಎಲ್ಲಿ ಹೊಕ್ಕು ಎಲ್ಲಿ ಹೊರಗೆ ಹೋಗಿದೆ ಅನ್ನೋದು ಆಪರೇಷನ್ ನೋಟ್ಸಲ್ಲಿ ಇರುತ್ತೆ, ಅದು ಹೈ ವೋಲ್ಟೇಜ್ ಗಾಯ ಅಂತ ಡಾಕ್ಟರ್ ಹೇಳಬಲ್ಲರು. ಪೂರ್ತಿ ಕೇಸ್ ಶೀಟ್ ನಕಲು ತಗೊಳ್ಳಿ, ಡಿಸ್ಚಾರ್ಜ್ ಸಮರಿ ಒಂದೇ ಸಾಲಲ್ಲ. ಪೊಲೀಸ್ ಸ್ಟೇಷನ್ನಿಗೆ ಎಂಎಲ್‌ಸಿ, ಅಂದ್ರೆ ಇಂಥ ಗಾಯದ ಬಗ್ಗೆ ಆಸ್ಪತ್ರೆಯವರು ಪೊಲೀಸರಿಗೆ ಕಳಿಸೋ ಮಾಹಿತಿ, ಹೋಗಿದೆಯಾ ಕೇಳಿ, ಇಲ್ಲ ಅಂದ್ರೆ ನಿಜ ಏನು ನಡೀತು ಅಂತ ನಿಮ್ಮ ಮನೆಯವರ ಹೇಳಿಕೆ ಸಮೇತ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ತಡ ಆಯ್ತು ಯಾಕೆ ಅಂತ ಕೇಳಿದ್ರೆ ಇದ್ದದ್ದು ಇದ್ದ ಹಾಗೆ ಹೇಳಿ, ನಾನು ಬಸ್ಸಲ್ಲಿದ್ದೆ, ಅವರು ಐಸಿಯುಲಿದ್ರು.

ಅರ್ಜಿ ಹಾಕೋಕೆ ಎರಡು ವರ್ಷ ಅವಧಿ, ನಿಮಗೆ 2027ರ ಮೇವರೆಗೂ ಇದೆ, ಆದ್ರೆ ಅಷ್ಟು ಕಾಯ್ಬೇಡಿ. ನಮ್ಮ ರಾಜ್ಯದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರೇ ಈ ಕಮಿಷನರ್ ಕೆಲಸ ನೋಡ್ತಾರೆ. ಅಪಘಾತ ಆದ ಜಾಗದ ಕೋರ್ಟಲ್ಲೂ ಹಾಕಬಹುದು, ನೀವು ವಾಸ ಇರೋ ಕಡೆಯ ಕೋರ್ಟಲ್ಲೂ ಹಾಕಬಹುದು. ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂತ ನಿಲ್ಬೇಡಿ. ಕಾನೂನು ಸೇವಾ ಪ್ರಾಧಿಕಾರ ಶಿವಮೊಗ್ಗದಲ್ಲಿದೆ, ತಾಲ್ಲೂಕಲ್ಲೂ ಸಮಿತಿ ಇದೆ, ಹೆಂಗಸರಿಗೆ ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಉಚಿತವಾಗಿ ವಕೀಲರನ್ನ ಕೊಡ್ತಾರೆ, ಸಹಾಯವಾಣಿ 15100. ನೀವು ಗೆದ್ದು ಅವರು ಹೈಕೋರ್ಟಿಗೆ ಹೋಗ್ತೀವಿ ಅಂದ್ರೂ ಮೊದಲು ಪೂರ್ತಿ ಹಣ ಠೇವಣಿ ಇಟ್ಟೇ ಹೋಗ್ಬೇಕು.

ಇನ್ನೊಂದು, ಮರೆಯೋ ಮುಂಚೆ. ಮನೆಯವರ ಪಾಸ್‌ಬುಕ್ ತೆಗೆದು ನೋಡಿ, ಮೇ ಕೊನೆ ಜೂನ್ ಶುರುವಲ್ಲಿ 20 ರೂಪಾಯಿ ಕಟ್ ಆಗಿದೆಯಾ ಅಂತ. ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ, ಒಂದು ಕೈ ಹೋದ್ರೆ ಒಂದು ಲಕ್ಷ, ಜೀವ ಹೋದ್ರೆ ಎರಡು ಲಕ್ಷ. ಅಪಘಾತ ಆದ ದಿನ ಪಾಲಿಸಿ ಚಾಲ್ತಿಲಿರಬೇಕು, ಅಂದ್ರೆ ನಿಮಗೆ ಬೇಕಾಗಿರೋದು ಅದರ ಹಿಂದಿನ ವರ್ಷ, 2024ರಲ್ಲಿ ಕಟ್ ಆಗಿರೋದು. ಇದ್ರೆ ತಡ ಮಾಡದೆ ಬ್ಯಾಂಕಿಗೆ ಹೋಗಿ ಕೇಳಿ.

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು. ಅಪ್ಪ ಅಡಿಕೆ ಕೊನೆ (ಗೊಂಚಲು) ತೆಗೆಯೋ ಕೆಲಸಕ್ಕೆ ಹೋಗ್ತಿದ್ರು, 50 ವರ್ಷ. 2024ರ ಡಿಸೆಂಬರಲ್ಲಿ ಒಬ್ಬರ ತೋಟದಲ್ಲಿ ಕಾರ್ಬನ್ ದೋಟಿ (ಕೊನೆ ಕೊಯ್ಯೋ ಉದ್ದ ಕೋಲು) ಹಿಡ್ಕೊಂಡು ಕೊನೆ ತೆಗೆಯುವಾಗ ಮೇಲೆ ಹೋಗಿದ್ದ ಲೈನಿಗೆ ತಾಗಿ ಅಲ್ಲೇ ಹೋಗಿಬಿಟ್ರು. ತೋಟದವರು ಒಳ್ಳೆಯವರೇ, ಕಾರ್ಯಕ್ಕೆ ಅಂತ ಅಮ್ಮನ ಕೈಗೆ ಒಂದು ಲಕ್ಷ ಕೊಟ್ರು. ವಿದ್ಯುತ್ ಕಂಪನಿಯವರು ಮಾತ್ರ ನಿಮ್ಮಪ್ಪಂದೇ ತಪ್ಪು, ಮೇಲೆ ನೋಡಿ ದೋಟಿ ಎತ್ಬೇಕಿತ್ತು, ನಮ್ಮದು ಎಂತದೂ ಇಲ್ಲ ಅಂದ್ರು. ಲೈನ್ ಜೋತು ಬಿದ್ದಿದೆ ಅಂತ ತೋಟದವರು ಮುಂಚೆನೇ ಎರಡು ಸಲ ಅರ್ಜಿ ಕೊಟ್ಟಿದ್ರು. ಏನಾದ್ರೂ ಮಾಡಬಹುದಾ?

ಉತ್ತರ: ಮೊದಲು ಒಂದು ಮಾತು, ಇದನ್ನ ಓದೋ ತೋಟದವರಿಗೆಲ್ಲ, ಕೊನೆ ತೆಗೆಯೋರಿಗೆಲ್ಲ. ಕಾರ್ಬನ್ ದೋಟಿ ಹಗುರ ಇದೆ, ಮುಟ್ಟಿದ್ರೆ ಪ್ಲಾಸ್ಟಿಕ್ ತರ ಕಾಣುತ್ತೆ, ಅದಕ್ಕೇ ಅದರಲ್ಲಿ ಕರೆಂಟ್ ಪಾಸ್ ಆಗಲ್ಲ ಅಂತ ತುಂಬ ಜನ ನಂಬಿದಾರೆ. ತಪ್ಪು. ಕಾರ್ಬನ್ ಫೈಬರಲ್ಲಿ ಕರೆಂಟ್ ಹರಿಯುತ್ತೆ, ಅಲ್ಯೂಮಿನಿಯಂ ದೋಟಿಲಿ ಹರಿಯೋ ಹಾಗೇ. 11 ಕೆವಿ ಲೈನಾದ್ರೆ ತಾಗಲೇಬೇಕು ಅಂತಿಲ್ಲ, ತೀರ ಹತ್ತಿರ ಹೋದ್ರೂ ಹಾರುತ್ತೆ. ಕಾಳುಮೆಣಸು ಕೊಯ್ಯೋರ ಅಲ್ಯೂಮಿನಿಯಂ ಏಣಿಗೂ ಇದೇ ಮಾತು. ಲೈನ್ ಕೆಳಗಿನ ಮರಗಳ ಕೊನೆ ತೆಗೀಬೇಕು ಅಂದ್ರೆ ಲೈನ್ ಆಫ್ ಮಾಡಿಸಿನೇ ತೆಗೀರಿ, ಒಂದು ದಿನ ಕಾದ್ರೆ ಅಡಿಕೆ ಹಣ್ಣಾಗಿ ಉದುರಬಹುದು, ಉದುರಲಿ.

ಈಗ ನಿಮ್ಮ ಪ್ರಶ್ನೆಗೆ. ನಿಮ್ಮಪ್ಪಂದೇ ತಪ್ಪು ಅಂತ ಅವರು ಹೇಳಿದ್ದು ಕಾನೂನಿನ ಕೊನೇ ಮಾತಲ್ಲ. 2002ರಲ್ಲಿ ವರದಿಯಾದ ಒಂದು ತೀರ್ಪಿದೆ, ಮಧ್ಯಪ್ರದೇಶ ವಿದ್ಯುತ್ ಮಂಡಳಿ ವಿರುದ್ಧ ಶೈಲ್ ಕುಮಾರಿ ಅಂತ. ರಸ್ತೆ ಮೇಲೆ ಬಿದ್ದಿದ್ದ ಲೈವ್ ತಂತಿ ತಾಗಿ ಸೈಕಲ್ಲಲ್ಲಿ ಹೋಗ್ತಿದ್ದ ಒಬ್ಬರು ತೀರ್ಕೊಂಡಿದ್ರು. ಅಪಾಯದ ವಸ್ತುವನ್ನ ಹರಿಸೋರು ಅದರಿಂದ ಆದ ಹಾನಿಗೆ ಹೊಣೆ, ನಮ್ಮ ನಿರ್ಲಕ್ಷ್ಯ ಇರಲಿಲ್ಲ ಅಂತ ಹೇಳಿ ತಪ್ಪಿಸ್ಕೊಳ್ಳೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳ್ತು. ನಿಮ್ಮ ಕೇಸಲ್ಲಿ ನಿರ್ಲಕ್ಷ್ಯಕ್ಕೂ ಕಾಗದ ಇದೆ, ಜೋತು ಬಿದ್ದಿದೆ ಅಂತ ಕೊಟ್ಟ ಆ ಎರಡು ಅರ್ಜಿ. ಅವುಗಳ ಸ್ವೀಕೃತಿ ತೋಟದವರ ಹತ್ರ ಇದ್ರೆ ಚಿನ್ನದ ಹಾಗೆ ಕಾಪಾಡಿ. ಲೈನ್ ಇನ್ನೂ ಹಾಗೇ ಇದ್ರೆ ತೋಟದ ಫೋಟೋ, ವಿಡಿಯೋ ತೆಗೆದಿಡಿ, ಎತ್ತರ ಎಷ್ಟಿದೆ ಅಂತ ಪರಿವೀಕ್ಷಕರ ವರದಿಲಿ ಇರುತ್ತೆ. ಪೋಸ್ಟ್‌ಮಾರ್ಟಂ ವರದಿ, ಎಫ್‌ಐಆರ್, ಮಹಜರು ಮೂರೂ ಬೇಕು.

ಕಂಪನಿ ಮೇಲೆ ಸಿವಿಲ್ ಕೋರ್ಟಲ್ಲಿ ದಾವಾ ಹಾಕೋಕೆ, ಸಾವಿನ ಕೇಸಾದ್ರಿಂದ, ಎರಡು ವರ್ಷ ಮಾತ್ರ ಅವಕಾಶ. 2026ರ ಡಿಸೆಂಬರಿಗೆ ಮುಗಿಯುತ್ತೆ. ಅಮ್ಮ, ನೀವು, ನಿಮ್ಮ ಒಡಹುಟ್ಟಿದವರು ಎಲ್ಲರ ಹೆಸರೂ ಸೇರ್ಬೇಕು. ಮಧ್ಯೆ ಕಂಪನಿಯವರು ಇಷ್ಟು ಕೊಡ್ತೀವಿ ಅಂತ ಬಂದ್ರೆ ತಗೊಳ್ಳೋದರಲ್ಲಿ ತಪ್ಪಿಲ್ಲ, ಆದ್ರೆ ಪೂರ್ತಿ ತೃಪ್ತಿಯಾಗಿದೆ ಅಂತ ಬರೆದಿರೋ ಕಾಗದಕ್ಕೆ ವಕೀಲರಿಗೆ ತೋರಿಸದೆ ಸೈನ್ ಮಾಡ್ಬೇಡಿ. ಮೇಲಿನ ತಂಗಿ ಕೇಸಲ್ಲಿ 17ನೇ ಸೆಕ್ಷನ್ ಕಾಪಾಡ್ತು, ಸಿವಿಲ್ ದಾವಾದಲ್ಲಿ ಅಂಥ ರಕ್ಷಣೆ ಇಲ್ಲ.

ತೋಟದವರ ವಿಷಯ ನೀವು ಸಂಕೋಚದಿಂದ ಕೇಳಿಲ್ಲ, ನಾನೇ ಹೇಳ್ತೀನಿ. ನಷ್ಟ ಪರಿಹಾರ ಕಾಯ್ದೆಲಿ ಯಾರ್ಯಾರು ಉದ್ಯೋಗಿ ಅನ್ನೋದಕ್ಕೆ ಎರಡನೇ ಅನುಸೂಚಿ ಅಂತ ಪಟ್ಟಿ ಇದೆ, ಎರಡು ದಿನಕ್ಕೆ ಕೊನೆ ತೆಗೆಯೋಕೆ ಬಂದವರು ಆ ಪಟ್ಟಿಯೊಳಗೆ ಬರಲ್ಲ ಅನ್ನೋದೇ ತೋಟದ ಕೇಸಲ್ಲಿ ಮೊದಲ ವಾದ ಆಗಿರುತ್ತೆ. ಅದರ ಜೊತೆ ಅವರು ನಿಮ್ಮ ಕಡೆಯ ಮುಖ್ಯ ಸಾಕ್ಷಿ, ಅರ್ಜಿ ಕೊಟ್ಟವರೇ ಅವರು. ನನ್ನ ಸಲಹೆ ಕಂಪನಿ ಮೇಲೆ ಗಟ್ಟಿಯಾಗಿ ಹೋಗಿ ಅಂತ. ತೋಟದವರು ಕಾರ್ಮಿಕರಿಗೆ ವಿಮೆ ಮಾಡಿಸಿದ್ದಾರಾ ಅಂತ ಒಂದು ಮಾತು ಕೇಳಿ, ಮಾಡಿಸಿದ್ರೆ ದಾರಿನೇ ಬೇರೆ. ಸಾವಿನ ಪರಿಹಾರದ ಲೆಕ್ಕ ಸಂಬಳದ 50 ಪರ್ಸೆಂಟ್ ಮೇಲೆ, 50 ವರ್ಷಕ್ಕೆ ಸಂಖ್ಯೆ 153.09, ಸಂಬಳ 15,000 ಅಂತ ಹಿಡಿದ್ರೆ 11,48,175 ಆಗುತ್ತೆ, ಅದನ್ನ ವಿಮಾ ಕಂಪನಿ ಕಟ್ಟುತ್ತೆ, ಅವರ ಮನೆ ಮೇಲೆ ಬರಲ್ಲ. ಆದ್ರೆ ಆ ದುಡ್ಡು ಕಮಿಷನರ್ ಹತ್ರ ಠೇವಣಿ ಆಗ್ಬೇಕು, ಸಾವಿನ ಕೇಸಲ್ಲಿ ಮೂರು ತಿಂಗಳ ಸಂಬಳದಷ್ಟು ಮುಂಗಡ ಬಿಟ್ಟು ಉಳಿದದ್ದನ್ನ ಕೈಗೆ ಕೊಟ್ರೆ ಪರಿಹಾರ ಕೊಟ್ಟ ಲೆಕ್ಕಕ್ಕೆ ಬರೋದಿಲ್ಲ.

ಪ್ರಶ್ನೆ: ಶಿವಮೊಗ್ಗದ ಹತ್ರ ನಂದೊಂದು ಸಣ್ಣ ಫ್ಯಾಬ್ರಿಕೇಶನ್ ಶಾಪ್ ಇದೆ, ನಾಲ್ಕು ಜನ ಹುಡುಗರು. ಹೋದ ಆಗಸ್ಟಲ್ಲಿ ಒಬ್ಬನಿಗೆ ಗ್ರೈಂಡಿಂಗ್ ಮಷಿನ್ನಿಂದ ಶಾಕ್ ಹೊಡೀತು, ಕೈ ಹಿಡ್ಕೊಂಡುಬಿಡ್ತು, ಎರಡು ಬೆರಳು ತೆಗೀಬೇಕಾಯ್ತು. 25 ವರ್ಷ, 12 ಸಾವಿರ ಸಂಬಳ. ಆಸ್ಪತ್ರೆ ಖರ್ಚೆಲ್ಲ ನಾನೇ ಹಾಕಿದೀನಿ. ಈಗ ಅವರ ಮಾವ ಬಂದು ಪರಿಹಾರ ಕೊಡಿ ಅಂತಿದಾರೆ. ಚಪ್ಪಲಿ ಹಾಕ್ಕೊಳ್ಳದೆ ನೀರಲ್ಲಿ ನಿಂತಿದ್ದ, ತಪ್ಪು ಅವನದ್ದು. ಕೊಡ್ಲೇಬೇಕಾ?

ಉತ್ತರ: ಹೌದು, ಕೊಡ್ಲೇಬೇಕು. ಆಸ್ಪತ್ರೆಗೆ ನೀವೇ ಸೇರಿಸಿ ಖರ್ಚು ನೋಡ್ಕೊಂಡಿದ್ದು ತುಂಬ ಒಳ್ಳೇ ಕೆಲಸ, ಎಷ್ಟೋ ಜನ ಅದನ್ನೂ ಮಾಡಲ್ಲ. ಆದ್ರೆ ಔಷಧದ ಖರ್ಚು ಬೇರೆ, ಬೆರಳು ಹೋಗಿದ್ದರ ಪರಿಹಾರ ಬೇರೆ.

ಈ ಕಾಯ್ದೆಲಿ ತಪ್ಪು ಯಾರದ್ದು ಅಂತ ನೋಡಲ್ಲ. ಕೆಲಸದಲ್ಲಿ ಕೆಲಸದಿಂದಾಗಿ ಪೆಟ್ಟಾಯ್ತಾ, ಅಷ್ಟೆ. ವಿನಾಯಿತಿ ಇರೋದು ಕುಡಿದಿದ್ರೆ, ಸುರಕ್ಷತೆಗೆ ಅಂತ ಸ್ಪಷ್ಟವಾಗಿ ಕೊಟ್ಟ ಆದೇಶವನ್ನ ಬೇಕಂತಲೇ ಮೀರಿದ್ರೆ, ಇಲ್ಲ ಸುರಕ್ಷತೆಗೆ ಇಟ್ಟ ಸಾಧನವನ್ನ ಬೇಕಂತಲೇ ಕಿತ್ತಿಟ್ರೆ. ಅದೂ ಸತ್ತರೆ ಅಥವಾ ಪೂರ್ತಿ ಶಾಶ್ವತ ಅಂಗವಿಕಲ ಆದ್ರೆ ಆ ವಿನಾಯಿತಿನೂ ಇಲ್ಲ. ಚಪ್ಪಲಿ ಹಾಕ್ಕೋ ಮಾರಾಯ ಅಂತ ಯಾವತ್ತೋ ಬಾಯಲ್ಲಿ ಹೇಳಿದ್ದು ಆದೇಶ ಅಂತ ಆಗೋದು ಕಷ್ಟ. ಇನ್ನೊಂದು ನೀವೇ ಯೋಚ್ನೆ ಮಾಡಿ, ಮಷಿನ್ ಬಾಡಿಗೆ ಕರೆಂಟ್ ಬಂದಿದ್ದು ಹೇಗೆ? ಅರ್ಥ್ ಸರಿ ಇದ್ದು 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್) ಇದ್ದಿದ್ರೆ ಕಣ್ಣು ಮಿಟುಕಿಸೋದರೊಳಗೆ ಟ್ರಿಪ್ ಆಗ್ತಿತ್ತು, ಅವನು ಬರಿಗಾಲಲ್ಲಿದ್ರೂ. ಉಳಿದ ಮೂರು ಹುಡುಗರು ಇವತ್ತೂ ಅದೇ ಮಷಿನ್ ಹಿಡೀತಿದಾರೆ, ದಯವಿಟ್ಟು ಈ ವಾರನೇ ಹಾಕಿಸಿ.

ಲೆಕ್ಕ ಹೇಳ್ತೀನಿ. ಅನುಸೂಚಿಲಿ ಒಂದು ಕೈಯ ಎರಡು ಬೆರಳಿಗೆ 20 ಪರ್ಸೆಂಟ್. 12,000ದ 60 ಪರ್ಸೆಂಟ್ 7,200, 25 ವರ್ಷಕ್ಕೆ 216.91, ಗುಣಿಸಿದ್ರೆ 15,61,752, ಅದರ 20 ಪರ್ಸೆಂಟ್ ಅಂದ್ರೆ 3,12,350 ರೂಪಾಯಿ. ಹೆಬ್ಬೆರಳು ಸೇರಿದ್ರೆ ಲೆಕ್ಕ ಬದಲಾಗುತ್ತೆ, ಹೆಬ್ಬೆರಳು ಒಂದಕ್ಕೇ 30 ಪರ್ಸೆಂಟ್. ಹತ್ತು ಜನ ಇಲ್ಲದ ಶಾಪಾದ್ರಿಂದ ಇಎಸ್ಐ (ಕಾರ್ಮಿಕರ ರಾಜ್ಯ ವಿಮೆ) ಇಲ್ಲ ಅಂತ ತಿಳ್ಕೊಂಡು ಹೇಳ್ತಿದೀನಿ, ಇಎಸ್ಐ ಇದ್ದಿದ್ರೆ ಅಲ್ಲಿಂದಲೇ ಸಿಗ್ತಿತ್ತು, ನಿಮ್ಮ ಮೇಲೆ ಬರ್ತಿರಲಿಲ್ಲ. ಮಾವನವರ ಹತ್ರ ಚೌಕಾಸಿ ಮಾಡ್ಬೇಡಿ, ಕೈಗೆ ಕೊಟ್ಟು ಕಾಗದನೂ ಬರೆಸ್ಕೋಬೇಡಿ, ಆ ಕಾಗದ ನಿಮ್ಮನ್ನ ಕಾಪಾಡಲ್ಲ ಅಂತ ಮೊದಲ ಉತ್ತರದಲ್ಲೇ ಬರೆದಿದೀನಿ. ಕಮಿಷನರ್ ಮುಂದೆ ಒಪ್ಪಂದ ನೋಂದಣಿ ಮಾಡಿಸಿ ಕಟ್ಟಿ, ನಿಮಗೂ ನೆಮ್ಮದಿ ಅವನಿಗೂ ನೆಮ್ಮದಿ. ತಡ ಆದಷ್ಟೂ ಬಡ್ಡಿ ಬೆಳೆಯುತ್ತೆ. ಮುಂದಕ್ಕೆ ಹುಡುಗರಿಗೆ ಒಂದು ಡಬ್ಲ್ಯೂಸಿ ಪಾಲಿಸಿ, ಅಂದ್ರೆ ಈ ಪರಿಹಾರದ ವಿಮೆ, ಮಾಡಿಸಿ. ಮತ್ತೆ ಆ ಹುಡುಗ ವಾಪಸ್ ಕೆಲಸಕ್ಕೆ ಬರ್ತೀನಿ ಅಂದ್ರೆ ಮಾಡಬಹುದಾದ ಕೆಲಸ ಕೊಡಿ, ಇದು ಕಾನೂನಿನ ಮಾತಲ್ಲ, ನಿಮ್ಮನ್ನ ಕೇಳ್ಕೊಳ್ತಿರೋದು.

ಪ್ರಶ್ನೆ: ಸಾಗರದಲ್ಲಿ ವೈರಿಂಗ್ ಕೆಲಸ ಮಾಡ್ತೀನಿ ಒಬ್ಬರ ಕೈಕೆಳಗೆ. ಐದು ತಿಂಗಳ ಹಿಂದೆ ಹೊಸ ಬಿಲ್ಡಿಂಗಲ್ಲಿ ತ್ರೀ ಫೇಸ್ ಪ್ಯಾನಲ್ಲಲ್ಲಿ ಹೊಡೆದು ದೂರ ಬಿದ್ದೆ. ಇಸಿಜಿ ಮಾಡಿ ಏನಿಲ್ಲ ಅಂತ ಅವತ್ತೇ ಕಳಿಸಿದ್ರು, ಗಾಯನೂ ದೊಡ್ಡದಿಲ್ಲ. ಈಗ ಎಡಗೈ ಜೋಮು, ಸ್ಕ್ರೂಡ್ರೈವರ್ ಹಿಡಿದ್ರೆ ಬೀಳುತ್ತೆ, ಒಂದು ಕಣ್ಣು ಮಂಜು ಮಂಜು. ನಾಟಕ ಮಾಡ್ತಿದಾನೆ ಅಂತಾರೆ.

ಉತ್ತರ: ನಾಟಕ ಅಲ್ಲ. ಕರೆಂಟ್ ಗಾಯ ಮೇಲೆ ಕಾಣೋದಕ್ಕಿಂತ ಒಳಗೆ ಜಾಸ್ತಿ ಇರುತ್ತೆ, ನರಕ್ಕೆ ಆದ ಪೆಟ್ಟು ತಿಂಗಳುಗಳ ಮೇಲೆ ಹೊರಗೆ ಬರಬಹುದು, ಕಣ್ಣಲ್ಲಿ ಪೊರೆನೂ ಹಾಗೇ ನಿಧಾನಕ್ಕೆ ಕಟ್ಟಬಹುದು, ಇದು ಡಾಕ್ಟರಿಗೆ ಗೊತ್ತಿರೋ ವಿಷಯ. ಮಣಿಪಾಲ ದೂರ ಆದ್ರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿ, ಕಣ್ಣಿನ ವಿಭಾಗದಲ್ಲೂ ತೋರಿಸಿ ನರದ ಡಾಕ್ಟರಿಗೂ ತೋರಿಸಿ, ಹೋದ ಕೂಡ್ಲೇ ಇಂಥ ದಿನ ಇಂಥ ಕಡೆ ಕೆಲಸದಲ್ಲಿ ಕರೆಂಟ್ ಹೊಡೀತು ಅಂತ ಹೇಳಿ ಅದನ್ನ ಚೀಟಿಲಿ ಬರೆಸಿ. ಕೈಯ ನರದ ಪರೀಕ್ಷೆಗೆ ಎನ್‌ಸಿಎಸ್ ಅಂತಾರೆ, ಅದು ಆದ್ರೆ ಜೋಮು ಬಾಯಿಮಾತಲ್ಲ ಅಂತ ಗೊತ್ತಾಗುತ್ತೆ. ಅವತ್ತಿನ ಇಸಿಜಿ ಕಾಗದ ಎಸೆದಿಲ್ಲ ತಾನೆ? ಅವತ್ತು ಆಸ್ಪತ್ರೆಗೆ ಹೋಗಿದ್ದಕ್ಕೆ ಅದೇ ಸಾಕ್ಷಿ. ಆ ಕಾಗದದ ಗೆರೆ ಬೇಗ ಮಾಸುತ್ತೆ, ಮೊಬೈಲಲ್ಲಿ ಫೋಟೋ ತೆಗೆದಿಡಿ.

ನಿಮ್ಮಂಥ ಗಾಯ ಅನುಸೂಚಿಯ ಪಟ್ಟಿಲಿ ನೇರವಾಗಿ ಸಿಗಲ್ಲ, ಹಾಗಂತ ಪರಿಹಾರ ಇಲ್ಲ ಅಂತಲ್ಲ, ದುಡಿಮೆ ಶಕ್ತಿ ಎಷ್ಟು ಕಡಿಮೆ ಆಯ್ತು ಅಂತ ಡಾಕ್ಟರ್ ಅಂದಾಜು ಮಾಡಿ ಹೇಳಿದ್ದರ ಮೇಲೆ ಕಮಿಷನರ್ ನಿರ್ಧಾರ ಮಾಡ್ತಾರೆ. ಕೆಲಸ ಕೊಟ್ಟವರಿಗೆ ಈಗಲೇ ಒಂದು ಲಿಖಿತ ನೋಟಿಸ್ ಕಳಿಸಿ, ರಿಜಿಸ್ಟರ್ಡ್ ಪೋಸ್ಟಲ್ಲಿ, ಎರಡೇ ಸಾಲು ಸಾಕು, ಯಾವ ದಿನ ಎಲ್ಲಿ ಏನಾಯ್ತು ಅಂತ. ಕಟ್ಟಡ ಕಾರ್ಮಿಕರ ಮಂಡಳಿ ಕಾರ್ಡ್ ಇದ್ರೆ ಅಲ್ಲೂ ಅಪಘಾತದ ಸಹಾಯಕ್ಕೆ ಅರ್ಜಿ ಹಾಕಿ, ವೈರಿಂಗ್ ಕೆಲಸದವರೂ ಅದರಲ್ಲಿ ಬರ್ತಾರೆ. ಅಲ್ಲಿವರೆಗೆ ಏಣಿ ಹತ್ತೋ ಕೆಲಸ, ಲೈವಲ್ಲಿ ಮಾಡೋ ಕೆಲಸ ಬೇಡ ತಮ್ಮಾ, ಕೈಯಿಂದ ಸ್ಕ್ರೂಡ್ರೈವರ್ ಬೀಳ್ತಿದೆ ಅಂತ ನೀನೇ ಬರೆದಿದೀಯ. ಪರೀಕ್ಷೆ ರಿಪೋರ್ಟ್ ಬಂದ ಮೇಲೆ ಇದೇ ವಿಳಾಸಕ್ಕೆ ಬರಿ, ನೋಟಿಸ್ ಕರಡು ನಾನು ನೋಡಿ ಕೊಡ್ತೀನಿ.